ನೀಲಿಬೆನ್ನು ಹೋದ ದಾರಿ

ಮೇ ೧೪

ಅಕ್ಕಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ, ಆರೋಗ್ಯ ಹೇಗಿದೆ’ ದಾಟಿ ಮುಂದೆ ಹೋದದ್ದೇ ಇಲ್ಲ. ನನಗೆ ಬಾಯಿ ಬರುವುದು ಪೆನ್ನು ಹಿಡಿದಾಗ ಮಾತ್ರ.

ನಿನ್ನೆ ಬೆಳಗಿನ ಪಾಳಿಯಲ್ಲಿ ಬೆಲ್ಟಿನ ಮೇಲೆ ಎಂದಿನಂತೆ ಬಿಳಿಮೀನು ಬರುತ್ತಿತ್ತು. ಈ ದೇಶಕ್ಕೆ ಬಂದು ಈ ಕಾರ್ಖಾನೆ ಸೇರಿದ ಮೇಲೆ ನಾನು ಕೊಯ್ದದ್ದು ಅದೊಂದನ್ನೇ. ಬಣ್ಣವಿಲ್ಲ, ರುಚಿಯಿಲ್ಲ, ಸತ್ತ ಮೇಲೂ ಒಂದು ಮೀನಿಗೆ ಇರಬೇಕಾದ ಕಳೆ ಅದರ ಮುಖದಲ್ಲಿಲ್ಲ. ಅದರ ನಡುವೆ ಒಂದು ನೀಲಿ ಹೊಳಪು ಕಂಡಿತು. ಕೈಗೆತ್ತಿಕೊಂಡೆ. ಅಕ್ಕಾ, ನಮ್ಮ ನೀಲಿಬೆನ್ನು! ಬೆನ್ನ ಮೇಲೆ ಅದೇ ಅಡ್ಡಗೆರೆಗಳು, ಕಿವಿರಿನ ಪಕ್ಕ ಅದೇ ಹಳದಿ ಚುಕ್ಕೆ. ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಬುಟ್ಟಿಗಟ್ಟಲೆ. ಬೆಲ್ಟು ನಿಲ್ಲಿಸಿದರು. ಅಲ್ಲಿದ್ದ ಯಾರಿಗೂ ಅದರ ಗುರುತಿಲ್ಲ. ಸೂಪರ್‌ವೈಸರ್ ಎಲ್ಲರ ಮುಖ ನೋಡುತ್ತ ಬಂದ. ನಾನೊಬ್ಬನೇ ಹಲ್ಲು ಕಿರಿಯುತ್ತಿದ್ದೆ.

“ಏನಯ್ಯಾ, ನಿನ್ನ ನೆಂಟರಾ?” ಎಂದ.

“ಹೌದು ಸಾರ್, ನಮ್ಮೂರ ಕಡೆಯವರೇ” ಎಂದೆ.

ಎಲ್ಲರೂ ನಕ್ಕರು. ಒಂದನ್ನು ಕಾಗದದಲ್ಲಿ ಸುತ್ತಿ ಕೋಣೆಗೆ ತಂದೆ. ಬೇಯಿಸುವಾಗ ಎದ್ದ ವಾಸನೆಗೆ ನಮ್ಮ ಅಡುಗೆಮನೆ, ಅಮ್ಮ, ನೀನು, ಎಲ್ಲರೂ ಬಂದು ಕೂತಂತಾಯಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಲೆಯ ಹೊಗೆ ಎನ್ನೋಣವೆಂದರೆ ನನ್ನದು ಕರೆಂಟಿನ ಒಲೆ.

ಈ ಸಲ ಊರಲ್ಲಿ ನೀಲಿಬೆನ್ನು ಹೇಗೆ? ಭಾವನ ದೋಣಿ ತುಂಬಿ ಬರುತ್ತಿರಬೇಕು. ಬರೆ.

ನಿನ್ನ ತಮ್ಮ


ಜೂನ್ ೨೯

ತಮ್ಮಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗೆಲ್ಲ ಏನೋ ಒಂದು ಕೆಲಸ ನೆನಪಾಗುತ್ತಿತ್ತು ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು. ಕೆಲಸವೇ ಇಲ್ಲ.

ನಿನಗೆ ಹೇಳಿರಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ನೀಲಿಬೆನ್ನು ತಡವಾಗಿ ಬಂತು, ಹೋದ ವರ್ಷ ಬಂದಷ್ಟು ಬಂತು, ಈ ಸಲ ಬರಲೇ ಇಲ್ಲ. ಬಲೆ ಎಳೆದರೆ ಬರೀ ಲೋಳೆಮೀನು. ಬಿಡಿಸುವಷ್ಟರಲ್ಲಿ ಕೈಯೆಲ್ಲ ಉರಿ. ಐಸ್ ಫ್ಯಾಕ್ಟರಿಯವರು ಯಂತ್ರ ಬಿಚ್ಚಿ ಸಾಗಿಸಿದರು. ನಾವು ಹೆಂಗಸರು ಮೀನು ಕೊಯ್ಯುತ್ತಿದ್ದ ಶೆಡ್ಡಿಗೆ ಬೀಗ ಬಿದ್ದಿದೆ. ಆದರೂ ಕಾಲು ಕೇಳಬೇಕಲ್ಲ, ಬೆಳಿಗ್ಗೆ ಎದ್ದು ಶೆಡ್ಡಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತೇವೆ. ಎಡಗೈಯಕ್ಕ ಚಾಕುವನ್ನೂ ತರುತ್ತಾಳೆ. ಯಾಕೆ ಎಂದು ಕೇಳಿದರೆ, “ಮನೇಲಿಟ್ರೆ ತುಕ್ಕು ಹಿಡಿಯುತ್ತೆ” ಎನ್ನುತ್ತಾಳೆ. ಅವಳ ಗಂಡ ಮೌನಿ ನಿನಗೆ ನೆನಪಿರಬೇಕು, ನಿನ್ನ ಭಾವನ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುವವನು. ನಿದ್ದೆಯಲ್ಲೂ ಬಾಯಿ ಮುಚ್ಚದವನಿಗೆ ಮೌನಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ.

ರೇಡಿಯೋದಲ್ಲಿ ಒಬ್ಬರು ಬಂದು ಸಮುದ್ರ ಬಿಸಿಯಾಗುತ್ತಿದೆ, ಮೀನು ತಂಪು ಹುಡುಕಿಕೊಂಡು ಉತ್ತರಕ್ಕೆ ಹೋಗುತ್ತಿದೆ ಎಂದರು. ನೂರು ವರ್ಷದಿಂದ ದೊಡ್ಡ ದೊಡ್ಡ ದೇಶಗಳ ಚಿಮಣಿ ಬಿಟ್ಟ ಹೊಗೆಯಂತೆ ಕಾರಣ. ಆ ದೇಶಗಳ ಹೆಸರು ಹೇಳುತ್ತಾ ಹೋದರು, ಅದರಲ್ಲಿ ನೀನಿರುವ ದೇಶವೂ ಇತ್ತು. ನಮ್ಮೂರಿನ ಹೊಗೆ ಎಂದರೆ ನಾಲ್ಕು ಒಲೆ, ಮೇಲೆ ಮೌನಿಯ ಸಿಗರೇಟು. ಅದರಿಂದಲೇ ಸಮುದ್ರ ಬಿಸಿಯಾಗಿದ್ದರೆ ಅವನಿಗೆ ಎರಡು ಬಿಟ್ಟು ಸರಿ ಮಾಡಬಹುದಿತ್ತು.

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಹರಿದ ಬಲೆ ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡರು. ಮುಗಿದ ಮೇಲೆ, “ಸದ್ಯ, ಸತ್ತಿಲ್ಲ” ಎಂದರು. ಬಲೆಯ ಎಳೆ ಗಂಟು ಹಾಕುತ್ತಾ, “ಹೊಟ್ಟೇಲಿ ಮೊಟ್ಟೆ ಇತ್ತಾ ಕೇಳು” ಎಂದರು.

“ಅದ್ಯಾಕೆ?”

“ಮೊಟ್ಟೆ ಇಲ್ದಿದ್ರೆ ಮೇಯೋಕೆ ಹೋಗಿವೆ, ವಾಪಸ್ ಬರ್ತವೆ. ಇದ್ರೆ, ಅಲ್ಲೇ ಮನೆ ಮಾಡಿವೆ.”

ಅದೊಂದಕ್ಕೆ ಉತ್ತರ ಬರೆ. ಉಳಿದದ್ದು ನಿಧಾನಕ್ಕೆ.

ನಿನ್ನಕ್ಕ


ಜುಲೈ ೨೦

ಅಕ್ಕಾ,

ನಿನ್ನ ಕಾಗದ ಓದಿದ ಮೇಲೆ ನನ್ನ ಹಿಂದಿನ ಕಾಗದ ನೆನೆದು ನಾಚಿಕೆಯಾಯಿತು. ಹಸಿದವರ ಮನೆ ಮುಂದೆ ನಿಂತು ತೇಗಿದಂತಾಯಿತು.

ಇಲ್ಲಿ ಕೆಲಸ ಹೆಚ್ಚಾಗಿದೆ. ನೀಲಿಬೆನ್ನಿಗೆಂದೇ ಬೇರೆ ಸಾಲು ಹಾಕಿದ್ದಾರೆ, ನನ್ನನ್ನು ಅದರ ಮೇಲೆ ನಿಲ್ಲಿಸಿದ್ದಾರೆ. ಈಗ ನಾನು ಕೊಯ್ಯುವುದು ಕಡಿಮೆ, ಹೇಳಿಕೊಡುವುದು ಹೆಚ್ಚು. ಇಲ್ಲಿ ಕಾಯಂ ಉಳಿಯುವ ಪರವಾನಗಿಗೂ ಕಾರ್ಖಾನೆಯವರೇ ಬರೆದುಕೊಟ್ಟರು. ಇಷ್ಟು ವರ್ಷ ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದೆ, ಈಗ ಮೀನು ಬಂದು ಕೊಡಿಸಿತು. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಹೇಳುವುದಕ್ಕೂ ನಾಲಿಗೆ ಏಳುವುದಿಲ್ಲ.

ನನಗೆ ಕೋಣೆ ಬಾಡಿಗೆಗೆ ಕೊಟ್ಟಿರುವ ಯಜಮಾನರು ಮುದುಕರು, ಹಿಂದೆ ಅವರೂ ದೋಣಿ ಇಟ್ಟಿದ್ದವರು. ಅವರ ಕಾಲದ ಬಿಳಿಮೀನು ಈಗ ಕಡಿಮೆಯಾಗಿ ಇನ್ನೂ ಮೇಲಕ್ಕೆ ಹೋಗಿದೆಯಂತೆ. “ನಮ್ಮದು ಮೇಲೆ ಹೋಯ್ತು, ನಿಮ್ಮದು ಇಲ್ಲಿಗೆ ಬಂತು. ಸಮುದ್ರ ಯಾರನ್ನೂ ಬರಿಗೈಲಿ ಬಿಡಲ್ಲ” ಎಂದರು.

“ಹಾಗಾದ್ರೆ ನಮ್ಮೂರಿಗೆ ಕೆಳಗಿಂದ ಏನು ಬರುತ್ತೆ?” ಎಂದು ಕೇಳಿದೆ.

ಯೋಚಿಸಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ. “ನಿಮ್ಮ ಕೆಳಗೆ ಇನ್ನೇನಿದೆ, ಬರೀ ಬಿಸಿನೀರು” ಎಂದು ಕಿಟಕಿಯತ್ತ ತಿರುಗಿದರು.

ಚಳಿ ಶುರುವಾಗುವ ಮೊದಲು ನಿನಗೊಂದು ಉಣ್ಣೆಯ ಶಾಲು ಕಳಿಸೋಣವೆಂದಿದ್ದೆ. ಆಮೇಲೆ ನೆನಪಾಯಿತು, ಅಲ್ಲಿ ಯಾರಿಗೆ ಬೇಕು ಶಾಲು. ಬಿಡುವು ಮಾಡಿಕೊಂಡು ಮತ್ತೆ ಬರೆಯುತ್ತೇನೆ. ಪಾಳಿಯ ಹೊತ್ತಾಯಿತು.

ನಿನ್ನ ತಮ್ಮ


ಸೆಪ್ಟೆಂಬರ್ ೩

ತಮ್ಮಾ,

ನಿನ್ನ ಭಾವ ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ. ಹಾಳೆಯ ಹಿಂದೆ ಬರೆದಿರಬಹುದೆಂದು ತಿರುವಿ ನೋಡಿದೆ. ಅವರು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

“ಇಲ್ವಾ?” ಎಂದರು.

“ಮರೆತಿರ್ತಾನೆ.”

“ಅವನು ಮರೆಯೋನಲ್ಲ. ಬರಿಯೋಕೆ ಕೈ ಬಂದಿಲ್ಲ. ಬಿಡು, ಉತ್ತರ ಬಂದ ಹಾಗಾಯ್ತು.”

ಅಂದಿನಿಂದ ಅವರು ಮೌನಿಯ ಜೊತೆ ದೋಣಿಯ ತಳಕ್ಕೆ ಡಾಂಬರು ಬಳಿಯುತ್ತಿದ್ದಾರೆ, ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದಾರೆ. ಮೊದಲು ನನಗೆ ಅರ್ಥವಾಗಲಿಲ್ಲ. ಡೀಸೆಲ್ ಡ್ರಮ್ಮು ಎಂದಿಗಿಂತ ಹೆಚ್ಚು ಬಂದಾಗ ಅರ್ಥವಾಯಿತು. ಜಗಳವಾಡಿದೆ. ಗಡಿ ದಾಟಿದರೆ ಹಿಡಿದು ಹಾಕುತ್ತಾರೆ ಎಂದೆ. “ನೀರಿನ ಮೇಲೆ ಗೆರೆ ಎಲ್ಲಿದೆ, ಬಂದು ತೋರಿಸಲಿ” ಎಂದರು. ಈ ವಯಸ್ಸಿನಲ್ಲಿ ಇಂಥ ಮಾತಾಡಿದರೆ ಏನು ಹೇಳುವುದು? ಮೌನಿಯನ್ನು ಹಿಡಿದುಕೊಂಡೆ. ಅವನು ಎಣ್ಣೆ ಕೈಯನ್ನು ಒರೆಸಿಕೊಳ್ಳುತ್ತಾ, “ಅತ್ತಿಗೆ, ನಾವೇನು ಕದಿಯೋಕೆ ಹೊರಟಿದೀವಾ? ಮುನಿಸ್ಕೊಂಡು ಮನೆ ಬಿಟ್ಟೋರನ್ನ ಕರ್ಕೊಂಡು ಬರೋಕೆ ಹೊರಟಿದೀವಿ” ಎಂದ. ಎಡಗೈಯಕ್ಕ ನಕ್ಕಳು. ನನಗೂ ನಗು ಬಂತು. ಅಲ್ಲೇ ನಾನು ಸೋತೆ.

ಈ ಕಾಗದ ಕೈಸೇರಿದ ಕೂಡಲೇ ಅವರಿಗೆ ಫೋನ್ ಮಾಡು. ನಿನ್ನ ಮಾತು ಕೇಳುತ್ತಾರೆ. ಅಲ್ಲಿ ಮೀನಿಲ್ಲ ಎಂದು ಹೇಳು, ಏನಾದರೂ ಹೇಳು.

ಅಕ್ಕ


ಅಕ್ಟೋಬರ್ ೧೧

ಅಕ್ಕಾ,

ನಿನ್ನ ಕಾಗದ ಸಿಕ್ಕಿ ನಾನು ಫೋನ್ ಮಾಡುವಷ್ಟರಲ್ಲಿ ದೋಣಿ ಹೊರಟಾಗಿತ್ತು. ಮೊನ್ನೆ ನಾನೇ ಮಾಡಿದ ಫೋನಿನಲ್ಲಿ ಎರಡು ಮಾತು ಹೇಳಿದೆ. ಭಾವ ಬದುಕಿದ್ದಾರೆ, ಮೌನಿಯಣ್ಣ ಇಲ್ಲ. ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಸಾಲಿನ ಪಕ್ಕದ ಕಿಟಕಿಯಿಂದ ಬಂದರು ಕಾಣುತ್ತದೆ. ಕಾವಲು ಹಡಗು ಯಾವುದೋ ದೋಣಿಯನ್ನು ಎಳೆದು ತರುತ್ತಿತ್ತು. ಹಸಿರು ಬಣ್ಣ, ಮೂತಿಗೆ ಕೆಂಪು ಪಟ್ಟಿ. ಆ ಪಟ್ಟಿಯನ್ನು ಚಿಕ್ಕಂದಿನಲ್ಲಿ ನಾನೇ ಬಳಿದಿದ್ದೆ, ಸೊಟ್ಟಗೆ. ಇನ್ನೂ ಸೊಟ್ಟಗೇ ಇತ್ತು. ಚಾಕು ಕೆಳಗಿಟ್ಟು ಓಡಿದೆ.

ಠಾಣೆಯ ಒಳಕೋಣೆಯಲ್ಲಿ ಭಾವ ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಆಶ್ಚರ್ಯವನ್ನೂ ಪಡಲಿಲ್ಲ. “ಬಂದ್ಯಾ. ಮೌನಿ ಎಲ್ಲಿ, ಕೇಳು. ಇವ್ರು ಏನೋ ಹೇಳ್ತಾರೆ, ನಂಗೊಂದೂ ಅರ್ಥ ಆಗ್ತಿಲ್ಲ” ಎಂದರು. ನಾನು ಅಧಿಕಾರಿಯ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ. ಅವರು ಭಾವನಿಗೆ ಅದಾಗಲೇ ಹೇಳಿದ್ದರು, ತಮ್ಮ ಭಾಷೆಯಲ್ಲಿ, ಹಲವು ಸಲ. ನಮ್ಮ ಭಾಷೆಯಲ್ಲಿ ಹೇಳುವುದು ನನ್ನ ಪಾಲಿಗೆ ಬಂತು.

ನಡೆದದ್ದು ಇಷ್ಟು. ಬಲೆ ತುಂಬಿ ಎಳೆಯುತ್ತಿದ್ದಾಗ ಹಡಗು ಕಂಡಿತು. ಭಾವ ದೋಣಿ ತಿರುಗಿಸಿದರು. ಬಲೆಯ ಭಾರಕ್ಕೆ ದೋಣಿ ಓಡದು, ಮೌನಿಯಣ್ಣ ಹಿಂಬದಿಗೆ ಹೋಗಿ ಬಲೆಯ ಹಗ್ಗ ಕೊಯ್ಯತೊಡಗಿದ. ಹಡಗಿನ ಅಲೆ ಬಂದು ಬಡಿಯಿತು. ಬಿದ್ದ. ಅವರು ಕೈಕಟ್ಟಿ ನಿಲ್ಲಲಿಲ್ಲ ಅಕ್ಕಾ, ಅದನ್ನೂ ಬರೆಯಬೇಕು. ಒಬ್ಬ ನಾವಿಕ ತಾನೇ ನೀರಿಗೆ ಹಾರಿ ಎತ್ತಿದ. ಆದರೆ ಆ ನಾವಿಕನ ಮೈತುಂಬ ದಪ್ಪ ರಬ್ಬರಿನ ಅಂಗಿಯಿತ್ತು. ಮೌನಿಯಣ್ಣನಿಗೆ ಒಂದು ತೆಳು ಹತ್ತಿಯ ಅಂಗಿ. ನಮ್ಮ ನೀರಿನಲ್ಲಿ ಬಿದ್ದಿದ್ದರೆ ಈಜುತ್ತಲೇ ಭಾವನಿಗೆ ಬೈಯುತ್ತಿದ್ದ. ಇಲ್ಲಿನ ನೀರು ಅಷ್ಟು ಅವಕಾಶ ಕೊಡಲಿಲ್ಲ. ಮೇಲೆತ್ತಿದಾಗಲೇ ಎದೆ ನಿಂತಿತ್ತಂತೆ.

ಭಾವನಿಗೆ ಇದನ್ನೆಲ್ಲ ಹೇಳಿದಾಗ ಅವರು ಕಂಬಳಿ ತೆಗೆದು ಮಡಿಸಿ ಪಕ್ಕಕ್ಕಿಟ್ಟರು. ಮತ್ತೆ ಹೊದೆಯಲಿಲ್ಲ.

ಎಡಗೈಯಕ್ಕನಿಗೆ ನೀನೇ ಹೇಳಿದ್ದೀಯೆಂದು ಗೊತ್ತು. ಹೇಗೆ ಹೇಳಿದೆಯೋ.

ತಮ್ಮ


ಅಕ್ಟೋಬರ್ ೩೦

ತಮ್ಮಾ,

ಹೇಗೆ ಹೇಳಿದೆ ಎಂದರೆ, ಹೇಳಲೇ ಇಲ್ಲ.

ನಾನು ಹೋದಾಗ ಅವಳು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ನನ್ನ ಮುಖ ನೋಡಿದಳು, ಹಿಂಡುವುದನ್ನು ನಿಲ್ಲಿಸಲಿಲ್ಲ. “ಇಬ್ರೂನಾ, ಒಬ್ರಾ?” ಎಂದಳು. “ಒಬ್ರು” ಎಂದೆ. ಯಾರು ಎಂದು ಅವಳು ಕೇಳಲಿಲ್ಲ. ಅವಳು ನನ್ನ ಮನೆಗೆ ಬಂದಿರಲಿಲ್ಲವಲ್ಲ, ನಾನು ಅವಳ ಮನೆಗೆ ಹೋಗಿದ್ದೆ. ಅಷ್ಟರಲ್ಲೇ ಎಲ್ಲ ಇತ್ತು.

ಹಿಂಡಿದ್ದನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ಅದು ಅವನದೇ ಅಂಗಿ, ದಪ್ಪನೆಯದು. ಅದರ ತೋಳು ನೇರ ಮಾಡುತ್ತಾ ಹೇಳಿದಳು: “ಇದನ್ನ ಹಾಕ್ಕೊಂಡು ಹೋಗಿ, ಅಲ್ಲಿ ಚಳಿ ಅಂತೆ ಅಂದೆ. ಕೇಳಲಿಲ್ಲ. ನಮ್ಮ ಮೀನೇ ಅಲ್ಲಿ ಆರಾಮಾಗಿವೆ ಅಂದ್ರೆ ಅದೆಷ್ಟು ಚಳಿ ಇರುತ್ತೆ ಹೇಳು ಅಂದ್ರು.” ಆಮೇಲೆ ಆ ಒದ್ದೆ ತೋಳಿಗೆ ಮುಖ ಒತ್ತಿಕೊಂಡಳು. ನಾನು ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ. ಅವಳು ಕೈ ತಳ್ಳಲಿಲ್ಲ. ಆದರೆ ಒರಗಲೂ ಇಲ್ಲ.

ಅವಳು ಕೇಳುವುದು ಒಂದೇ. ಅವನನ್ನು ಕಳಿಸಿಕೊಡಲಿ. ಏನು ಮಾಡಬೇಕೋ ಮಾಡು.

ಅಕ್ಕ


ನವೆಂಬರ್ ೨೪

ಅಕ್ಕಾ,

ಕಳಿಸಲು ಆಗಲಿಲ್ಲ. ಇಲ್ಲಿನ ಕಚೇರಿಯವರು ನಮ್ಮ ದೇಶದವರ ಒಪ್ಪಿಗೆ ತಾ ಎಂದರು. ನಮ್ಮ ದೇಶದ ಕಚೇರಿಯವರು, ಗಡಿ ದಾಟಿ ಹೋದವನ ವಿಷಯ, ಮೊದಲು ಇಲ್ಲಿನವರ ತನಿಖೆ ಮುಗಿಯಲಿ ಎಂದರು. ಎರಡು ಬಾಗಿಲ ನಡುವೆ ಓಡಾಡಿ ನನ್ನ ಚಪ್ಪಲಿ ಸವೆಯಿತು. ಕೊನೆಗೆ ಆಸ್ಪತ್ರೆಯವರು ಇನ್ನು ಇಟ್ಟುಕೊಳ್ಳಲಾಗದು ಎಂದರು. ಊರ ಹಿಂದಿನ ಗುಡ್ಡದ ಮೇಲೆ ಮಣ್ಣು ಮಾಡಿದೆವು. ಮನೆ ಯಜಮಾನರು ತಮ್ಮ ಕಪ್ಪು ಕೋಟನ್ನು ನನಗೆ ತೊಡಿಸಿ, ತಾವು ಹಳೆಯ ಸ್ವೆಟರಿನಲ್ಲೇ ಗುಡ್ಡ ಹತ್ತಿದರು. ನೀರಿಗೆ ಹಾರಿದ್ದ ಆ ನಾವಿಕನೂ ಬಂದಿದ್ದ. ಪೊಲೀಸರು ಭಾವನ ಕೈಕೋಳ ಬಿಚ್ಚಿದರು. ಭಾವ ಮಣ್ಣು ಹಾಕಿ, ಬಗ್ಗಿ, ಅದನ್ನು ಅಂಗೈಯಿಂದ ತಟ್ಟಿ ಗಟ್ಟಿ ಮಾಡಿದರು, ದೋಣಿಯ ಹಲಗೆ ತಟ್ಟಿ ನೋಡುತ್ತಾರಲ್ಲ, ಹಾಗೆ.

ಕೋರ್ಟಿನಲ್ಲಿ ನನ್ನನ್ನೇ ದುಭಾಷಿಯಾಗಿ ನಿಲ್ಲಿಸಿದರು. ನ್ಯಾಯಾಧೀಶೆ ನಡುವಯಸ್ಸಿನವರು, ದನಿ ಏರಿಸುವವರಲ್ಲ.

“ಗಡಿ ದಾಟಿದ್ದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಬಂದ್ರಿ?”

“ಮೀನು ಬಂತು. ಹಿಂದೆ ನಾವು ಬಂದ್ವಿ.”

“ಮೀನು ಯಾರ ಸ್ವತ್ತೂ ಅಲ್ಲ. ಯಾವ ದೇಶದ ನೀರಲ್ಲಿ ಇರುತ್ತೋ ಆ ದೇಶದವರು ಹಿಡಿಯಬಹುದು. ಕಾನೂನು ಇರೋದು ಹಾಗೆ.”

ಭಾವ, “ನಮ್ಮ ನೀರಲ್ಲೇ ಇತ್ತು ತಾಯಿ. ನಮ್ಮಜ್ಜನ ಕಾಲದಿಂದ ಇತ್ತು. ಆ ನೀರನ್ನ ಬಿಸಿ ಮಾಡ್ದೋರು ನಾವಲ್ಲ. ಮಾಡ್ದೋರನ್ನ ಯಾವ ಕೋರ್ಟಿಗೆ ಕರೀತೀರಿ, ಅದನ್ನೊಂದು ಹೇಳಿ” ಎಂದರು.

ಅದನ್ನು ಅವರ ಭಾಷೆಗೆ ತಿರುಗಿಸುವಾಗ ಎರಡು ಸಲ ಹೇಳಬೇಕಾಯಿತು. ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆ ಪ್ರಶ್ನೆ ಸರಿಯಾದದ್ದೇ. ಆದ್ರೆ ನನ್ನ ಮುಂದಿರೋ ಕೇಸು ಅದಲ್ಲ” ಎಂದರು. ಮತ್ತೆ ಕನ್ನಡಕ ಹಾಕಿಕೊಂಡು ತೀರ್ಪು ಓದಿದರು. ದೋಣಿ ಒಡೆದುಹಾಕಬೇಕು, ಆಳನ್ನು ಊರಿಗೆ ಕಳಿಸಬೇಕು.

ಬಂದರಿನ ಮೂಲೆಯಲ್ಲಿ ಯಂತ್ರ ತಂದು ಒಡೆದರು. ನೀವು ನೋಡಬೇಡಿ ಎಂದೆ. “ಕಟ್ಟುವಾಗ ನೋಡಿದ್ದೆ, ಇದನ್ನೂ ನೋಡ್ತೀನಿ” ಎಂದು ನಿಂತರು.

ಊರಿಗೆ ಕಳಿಸುವ ದಿನ, ಜೊತೆಗಿದ್ದ ಪೊಲೀಸಿನವನನ್ನು ಕೇಳಿಕೊಂಡು ಭಾವನನ್ನು ಕಾರ್ಖಾನೆಗೆ ಕರೆದುಕೊಂಡು ಹೋದೆ. ಅವರೇ ಕೇಳಿದ್ದು. ಬುಟ್ಟಿಯಿಂದ ಒಂದು ನೀಲಿಬೆನ್ನು ಎತ್ತಿಕೊಂಡರು. ಚಾಕು ಕೊಡಹೋದೆ, ಬೇಡ ಎಂದರು. ಹೆಬ್ಬೆರಳ ಉಗುರಿನಿಂದ ಹೊಟ್ಟೆ ಸೀಳಿದರು. ಒಳಗೆ ಹಳದಿ ಮೊಟ್ಟೆ, ಕಿಕ್ಕಿರಿದು.

“ಮನೆ ಮಾಡಿವೆ” ಎಂದರು. ಮೀನನ್ನು ಎಸೆಯದೆ, ಜೋಪಾನವಾಗಿ ಬುಟ್ಟಿಗೇ ಇಟ್ಟರು. ಆಮೇಲೆ ನನ್ನ ಕಡೆ ನೋಡಿ, “ನೀನೂ ಮಾಡ್ಕೋ. ತಪ್ಪೇನಿಲ್ಲ” ಎಂದರು.

ಅವರು ಬೈದಿದ್ದರೆ ಚೆನ್ನಾಗಿತ್ತು ಅಕ್ಕಾ.

ನಿನ್ನ ತಮ್ಮ


ಜನವರಿ ೧೯

ತಮ್ಮಾ,

ನಿನ್ನ ಭಾವ ಬಂದು ತಲುಪಿದ್ದು ನಿನಗೆ ಗೊತ್ತು. ಮೈಗೆ ಏನೂ ಆಗಿಲ್ಲ. ಹೊತ್ತಿಗೆ ಸರಿಯಾಗಿ ಏಳುತ್ತಾರೆ, ಬಟ್ಟೆ ಹಾಕಿಕೊಂಡು ಹೊರಡುತ್ತಾರೆ, ದೋಣಿ ಕಟ್ಟುತ್ತಿದ್ದ ಜಾಗದವರೆಗೆ ಹೋಗಿ ಬರುತ್ತಾರೆ. ಈಗ ರಸ್ತೆ ಕೆಲಸಕ್ಕೆ ಕರೆದಿದ್ದಾರೆ. ಹೋಗುತ್ತೇನೆ ಎಂದಿದ್ದಾರೆ. ಯಾವತ್ತು ಎಂದು ಹೇಳಿಲ್ಲ.

ಬಂದ ದಿನವೇ ಎಡಗೈಯಕ್ಕನ ಮನೆಗೆ ಹೋದರು. ಅವಳು ಬಾಗಿಲು ತೆಗೆದು, ಕುರ್ಚಿ ಹಾಕಿ, ನೀರು ಕೊಟ್ಟಳಂತೆ. ಇವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ನಿಮ್ಮದೇನೂ ತಪ್ಪಿಲ್ಲ, ಹೋಗಿ” ಎಂದಳಂತೆ. ನನ್ನ ಮುಂದೆ ಬೇರೆ ಮಾತು ಹೇಳಿದಳು. “ನಿನ್ನ ತಮ್ಮ ಆ ಕಾಗದ ಬರೀದೇ ಇದ್ದಿದ್ರೆ ಮೀನು ಎಲ್ಲೋ ಸತ್ವು ಅಂದ್ಕೊಂಡು ಸುಮ್ನಿರ್ತಿದ್ರು.” ನಾನು ಅವಳಿಗೆ ಏನೂ ಹೇಳಲಿಲ್ಲ. ನಿನಗೂ ಏನೂ ಹೇಳುವುದಿಲ್ಲ. ಬಚ್ಚಿಟ್ಟರೆ ಇನ್ನೊಂದು ದಿನ ಹೊರಬಂದು ಹೆಚ್ಚು ನೋಯಿಸುತ್ತದೆಂದು ಬರೆದೆ, ಅಷ್ಟೇ.

ಗಂಡನ ಮಣ್ಣು ನೋಡಿಬರಬೇಕೆಂದು ಅವಳು ವೀಸಾಕ್ಕೆ ಅರ್ಜಿ ಹಾಕಿದ್ದಳು. ನಗರಕ್ಕೆ ನಾನೇ ಜೊತೆಗೆ ಹೋಗಿದ್ದೆ. ಬಸ್ಸಿನಲ್ಲಿ ಇಡೀ ದಾರಿ ಕಿಟಕಿ ಕಡೆಗೇ ಮುಖ. ಗಾಜಿನ ಹಿಂದೆ ಕೂತಿದ್ದ ಹುಡುಗಿ ಕೇಳಿದಳು, “ನಿಮಗೆ ಇಲ್ಲಿ ಆಸ್ತಿ ಇದೆಯಾ? ಕೆಲಸ ಇದೆಯಾ? ಮಕ್ಕಳಿದಾರಾ?” ಮೂರಕ್ಕೂ ಇವಳು ಇಲ್ಲ ಎಂದಳು. ಹಾಗಾದರೆ ನೀವು ವಾಪಸ್ ಬರುತ್ತೀರೆಂದು ನಂಬುವುದು ಹೇಗೆ ಎಂದಳು ಆ ಹುಡುಗಿ. ಅರ್ಜಿ ತಿರಸ್ಕಾರವಾಯಿತು.

ಎರಡೂ ದೇಶದವರು ನೀಲಿಬೆನ್ನಿನ ಹಂಚಿಕೆಗೆ ಮಾತುಕತೆ ನಡೆಸಿದ್ದು ಅಲ್ಲಿಯೂ ಸುದ್ದಿಯಾಗಿರಬೇಕು. ನಮಗೂ ಒಂದು ಪಾಲು ಕೊಟ್ಟಿದ್ದಾರಂತೆ. ಆದರೆ ಆ ನೀರಿಗೆ ಇಳಿಯುವ ಹಡಗು ಇಷ್ಟು ಉದ್ದವಿರಬೇಕು, ಒಳಗೆ ಶೀತಕೋಣೆ ಇರಬೇಕು ಎಂದು ಷರತ್ತು. ನಮ್ಮ ಬಂದರಿನಲ್ಲಿ ಅಂಥದ್ದೊಂದನ್ನು ತಂದು ನಿಲ್ಲಿಸಲೂ ಜಾಗವಿಲ್ಲ. ಹಲ್ಲಿಲ್ಲದವರಿಗೆ ಕಬ್ಬು ಕೊಟ್ಟು ನ್ಯಾಯ ಮಾಡಿದರು.

ಅಕ್ಕ


ಫೆಬ್ರವರಿ ೨೨

ಅಕ್ಕಾ,

ಎಡಗೈಯಕ್ಕ ಹೇಳಿದ್ದನ್ನು ನಾನು ಅದಕ್ಕೂ ಮೊದಲೇ ನನಗೆ ಹೇಳಿಕೊಂಡಿದ್ದೆ. ಆದ್ದರಿಂದ ಹೊಸದಾಗಿ ನೋಯಲಿಲ್ಲ ಎಂದು ಬರೆದರೆ ನೀನು ನಂಬಬೇಡ.

ಒಂದು ವಿಷಯ ತಿಳಿಸಬೇಕು. ನೀಲಿಬೆನ್ನಿಗೆ ಇಲ್ಲಿ ಎರಡನೇ ಪಾಳಿ ಶುರುವಾಗುತ್ತಿದೆ, ಕೈ ಸಾಲದು. ಈ ಮೀನು ಕೊಯ್ದು ಅಭ್ಯಾಸವಿರುವ ಹೆಂಗಸರನ್ನು ನಮ್ಮೂರಿನಿಂದಲೇ ಕರೆತರಲು ಕಾರ್ಖಾನೆ ನಿರ್ಧರಿಸಿದೆ. ನನಗೆ ತಮ್ಮ ಆಳಿನ ಜೊತೆ ಊರಿಗೆ ಹೋಗು ಎಂದರು. ಇಷ್ಟು ವರ್ಷ ಊರಿಗೆ ಬರಲು ರಜೆ ಕೇಳಿ ಕೇಳಿ ಸಾಕಾಗಿದ್ದವನಿಗೆ, ಅವರೇ ಟಿಕೆಟ್ ತೆಗೆದು ಕಳಿಸುತ್ತಾರೆ. ಆಗುವುದಿಲ್ಲ ಎಂದೆ. ಯಾವ ಮುಖ ಹೊತ್ತು ಆ ಶೆಡ್ಡಿನ ಮುಂದೆ ನಿಲ್ಲಲಿ?

ಅವರು ಬೇರೆಯವರನ್ನು ಕಳಿಸುತ್ತಿದ್ದಾರೆ. ಬಂದಾಗ ನಿನಗೆ ಗೊತ್ತಿರಲಿ ಎಂದು ಬರೆದೆ.

ತಮ್ಮ


ಏಪ್ರಿಲ್ ೮

ತಮ್ಮಾ,

ಅವರು ಬಂದರು. ಶೆಡ್ಡಿನ ಬೀಗ ತೆಗೆಸಿ, ಒಳಗೆ ಮೇಜು ಹಾಕಿ ಕೂತರು. ಎಷ್ಟು ದಿನದ ಮೇಲೆ ಆ ಬಾಗಿಲು ತೆಗೆದದ್ದು! ಒಳಗಿನಿಂದ ಇನ್ನೂ ಉಪ್ಪಿನ ವಾಸನೆ ಬಂತು. ಪ್ರತಿಯೊಬ್ಬರ ಕೈಗೂ ಒಂದೊಂದು ಮೀನು ಕೊಟ್ಟು ಕೊಯ್ಯಿರಿ ಎಂದರು. ಅಲ್ಲಿಂದ ಐಸಿನಲ್ಲಿಟ್ಟು ತಂದ ನೀಲಿಬೆನ್ನು. ಕೆಲವರು ಕೈಗೆ ತೆಗೆದುಕೊಂಡು ಅತ್ತರು. ಬಂದವರಿಗೆ ಯಾಕೆಂದು ತಿಳಿಯಲಿಲ್ಲ, ಪಾಪ, ಚಾಕು ತಗುಲಿತೇ ಎಂದು ಓಡಿ ಬಂದು ಕೇಳುತ್ತಿದ್ದರು.

ಸಾಲಿನಲ್ಲಿ ಮೊದಲು ನಿಂತವಳು ಎಡಗೈಯಕ್ಕ. ಅವಳು ಅಳಲಿಲ್ಲ. ಮೂರೇ ಎಳೆತಕ್ಕೆ ಕೊಯ್ದು, ಕೈ ಒರೆಸಿಕೊಂಡು, “ಯಾವಾಗ ಹೊರಡ್ಬೇಕು?” ಎಂದಳು. ಮಣ್ಣು ನೋಡಲು ಕೇಳಿದರೆ ಸಿಗದಿದ್ದ ವೀಸಾ ಮೀನು ಕೊಯ್ಯಲು ವಾರದೊಳಗೆ ಬಂತು. ಈ ಸಲ ಆಸ್ತಿಯನ್ನೂ ಕೇಳಲಿಲ್ಲ, ಮಕ್ಕಳನ್ನೂ ಕೇಳಲಿಲ್ಲ.

ನಾನು ಸಾಲಿನಲ್ಲಿ ನಿಲ್ಲಲಿಲ್ಲ. ನಿನ್ನ ಭಾವ, “ಹೋಗೋ ಹಾಗಿದ್ರೆ ಹೋಗು, ನಾನೇನೂ ಅಂದುಕೊಳ್ಳಲ್ಲ” ಎಂದರು. “ನಿಮಗೆ ಅಕ್ಕಿ ತೊಳೆಯೋಕೂ ಬರಲ್ಲ” ಎಂದೆ. ಬಹಳ ದಿನದ ಮೇಲೆ ಒಂದಿಷ್ಟು ನಕ್ಕರು.

ಅವಳು ಇಪ್ಪತ್ತೊಂಬತ್ತಕ್ಕೆ ಅಲ್ಲಿ ಬಂದು ಇಳಿಯುತ್ತಾಳೆ. ಬಸ್ ನಿಲ್ದಾಣಕ್ಕೆ ಹೋಗು. ನಿನ್ನ ಜೊತೆ ಮಾತಾಡದೆ ಇರಬಹುದು. ಮಾತಾಡಿಸಲು ಹೋಗಬೇಡ. ಪೆಟ್ಟಿಗೆ ಮಾತ್ರ ನೀನು ಹೊತ್ತುಕೋ.

ಅಕ್ಕ


ಮೇ ೨೬

ಅಕ್ಕಾ,

ನೀನು ಹೇಳಿದಂತೆ ಪೆಟ್ಟಿಗೆ ಹೊತ್ತುಕೊಂಡೆ. ಕೊಡಲಿಲ್ಲ ಎನ್ನುವಂತಿಲ್ಲ, ಕೊಟ್ಟಳು ಎನ್ನುವಂತೆಯೂ ಇಲ್ಲ. ಕೆಳಗಿಟ್ಟು ಬೇರೆಡೆ ನೋಡಿದಳು. ಹೆಂಗಸರಿಗೆಂದು ಕಾರ್ಖಾನೆ ಹಿಡಿದಿರುವ ಮನೆ ನನ್ನ ಕೋಣೆಯಿರುವ ಬೀದಿಯಲ್ಲೇ ಇದೆ. ಬೆಲ್ಟಿನ ಎದುರು ಬದಿಯಲ್ಲಿ ಅವಳ ಜಾಗ. ನಮ್ಮಿಬ್ಬರ ನಡುವೆ ದಿನವಿಡೀ ನೀಲಿಬೆನ್ನು ಹರಿಯುತ್ತಿತ್ತು, ಒಂದು ಮಾತೂ ಹರಿಯಲಿಲ್ಲ. ಏನಾದರೂ ಬೇಕಿದ್ದರೆ ಪಕ್ಕದವಳ ಕೈಲಿ ನನಗೆ ಹೇಳಿಸುತ್ತಿದ್ದಳು.

ಮೊದಲ ಮೂರು ಭಾನುವಾರ ಅವಳು ಗುಡ್ಡದ ವಿಷಯ ಎತ್ತಲೇ ಇಲ್ಲ. ಬಂದದ್ದೇ ಅದಕ್ಕಲ್ಲವೇ ಎಂದು ನನಗೆ ಆಶ್ಚರ್ಯ. ನಾಲ್ಕನೆಯ ಭಾನುವಾರ, ಅಂದರೆ ಇವತ್ತು, ಬೆಳಿಗ್ಗೆ ನನ್ನ ಕೋಣೆಯ ಬಾಗಿಲ ಹೊರಗೆ ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಕಾಲಿಗೆ ಕಾರ್ಖಾನೆಯ ರಬ್ಬರ್ ಬೂಟು. ನಾನು ಕೋಟು ಹಾಕಿಕೊಂಡು ಮುಂದೆ ನಡೆದೆ, ಅವಳು ಹಿಂದೆ ಬಂದಳು.

ಜಾಗ ತೋರಿಸಿ ನಾನು ದೂರ ಹೋಗಿ ನಿಂತೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಮಾತು ಬೇಡವೆಂದರೂ ಕಿವಿಗೆ ಬಿತ್ತು. ಅಳುತ್ತಾಳೆ ಎಂದುಕೊಂಡಿದ್ದೆ. ಮೊದಲು ಸುತ್ತಲಿನ ಹುಲ್ಲು ಕಿತ್ತಳು. ಆಮೇಲೆ ಕೂತು, ಸಂಜೆ ಕೆಲಸದಿಂದ ಬಂದವರಿಗೆ ಹೇಳುವ ಹಾಗೆ ಹೇಳತೊಡಗಿದಳು. ಹಿಂಬಾಗಿಲ ಚಿಲಕ ಕಿತ್ತುಬಂತು, ಹಗ್ಗ ಕಟ್ಟಿ ಬಂದಿದೀನಿ. ನಿಮ್ಮ ಸ್ಪ್ಯಾನರ್‌ಗಳನ್ನ ಎದುರುಮನೆಯೋನು ಕೇಳ್ದ, ಕೊಡಲಿಲ್ಲ. ಕೋಳಿಗಳನ್ನ ಅತ್ತಿಗೆ ಮನೇಲಿ ಬಿಟ್ಟಿದೀನಿ. ಇಲ್ಲಿ ಊಟಕ್ಕೆ ಉಪ್ಪೇ ಹಾಕಲ್ಲ ಕಣ್ರೀ. ಕಾಲು ಬೆರಳೆಲ್ಲ ಜೋಮು ಹಿಡಿಯುತ್ತೆ.

ಹೀಗೆ ಬಹಳ ಹೊತ್ತು ಹೇಳಿದಳು. ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, ಉತ್ತರಕ್ಕೆ ಕಾಯುವವಳಂತೆ ತಲೆ ಸ್ವಲ್ಪ ವಾಲಿಸಿದಳು. ಆಗ ನಾನು ಬೆನ್ನು ತಿರುಗಿಸಿ ನಿಂತೆ ಅಕ್ಕಾ. ಅದನ್ನು ನೋಡುವ ಹಕ್ಕು ನನಗಿಲ್ಲ ಅನಿಸಿತು. ಆಮೇಲೆ ನನಗೆ ಕೇಳಿಸಿದ್ದು ಮಾತಲ್ಲ.

ಇಳಿಯುವಾಗ ದಾರಿ ಜಾರುತ್ತಿತ್ತು. ಒಂದು ಕಡೆ ಅವಳ ಬೂಟು ಜಾರಿತು. ನನ್ನ ತೋಳು ಹಿಡಿದುಕೊಂಡಳು. ಸಮತಟ್ಟಾದ ಜಾಗ ಬಂದ ಮೇಲೂ ಬಿಡಲಿಲ್ಲ. ಕೆಳಗೆ ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಸುತ್ತಿದ್ದರು, ದಂಡೆಯ ಮೇಲೆ ಬುಟ್ಟಿಗಳು ನೀಲಿಯಾಗಿ ಹೊಳೆಯುತ್ತಿದ್ದವು. ಅವಳು ಅದನ್ನು ನೋಡುತ್ತಾ ನಿಂತಳು.

“ನಾಳೆ ಪಾಳಿ ಎಷ್ಟು ಗಂಟೆಗೆ?” ಎಂದಳು. ಈ ಊರಿಗೆ ಬಂದ ಮೇಲೆ ನೇರ ನನಗೆ ಆಡಿದ ಮೊದಲ ಮಾತು.

“ಆರಕ್ಕೆ.”

“ಬಂದು ಬಾಗಿಲು ತಟ್ಟು. ನನಗೆ ಇಲ್ಲಿ ಬೆಳಗಾಗಿದ್ದು ಗೊತ್ತಾಗಲ್ಲ.”

ತಟ್ಟುತ್ತೇನೆ ಎಂದೆ.

ನಿನ್ನ ತಮ್ಮ